ವ್ಯಾಸ ಅಂದರೆ ಯಾರು, ವ್ಯಾಸ ಅಂದರೆ ಏನು?

ಮಹಾಭಾರತ ಬರೆದವರು ಯಾರು ಅಂತ ಕೇಳಿದರೆ ಸಣ್ಣ ಮಕ್ಕಳೂ 'ವ್ಯಾಸರು' ಅಂತ ಹೇಳಿಬಿಡುತ್ತಾರೆ. ಅದೇ ಮಕ್ಕಳಿಗೆ ಮುಂದೆ ಗಣಿತದ ಪುಸ್ತಕದಲ್ಲಿ ಇನ್ನೊಂದು 'ವ್ಯಾಸ' ಸಿಗುತ್ತದೆ. ವೃತ್ತದ ಒಂದು ಅಂಚಿನಿಂದ ಕೇಂದ್ರವನ್ನು ಹಾದು ಎದುರಿನ ಅಂಚಿಗೆ ಹೋಗುವ ಗೆರೆ ಅದು. ಋಷಿಗೂ ಗೆರೆಗೂ ಒಂದೇ ಹೆಸರು ಯಾಕೆ ಬಂತು ಅಂತ ಯಾರೂ ಕೇಳುವುದಿಲ್ಲ. ಆದರೆ ಎರಡೂ ಒಂದೇ ಧಾತುವಿನಿಂದ ಹುಟ್ಟಿದ ಪದಗಳು.

ಸಂಸ್ಕೃತದಲ್ಲಿ 'ಅಸ್' ಅಂದರೆ ಎಸೆಯುವುದು. ಅದಕ್ಕೆ 'ವಿ' ಸೇರಿದರೆ ಬೇರೆ ಬೇರೆ ಕಡೆಗೆ ಎಸೆಯುವುದು. ಅಂದರೆ ಬಿಡಿಸುವುದು, ಹರಡುವುದು, ವಿಂಗಡಿಸುವುದು. ವೃತ್ತ ಎಷ್ಟು ಅಗಲಕ್ಕೆ ಹರಡಿದೆ ಅನ್ನುವುದನ್ನು ಅಳೆಯುವ ಗೆರೆ ವ್ಯಾಸ. ಒಟ್ಟಾಗಿ ಬಿದ್ದಿದ್ದನ್ನು ಬಿಡಿಸಿ ಹರಡಿದ ಮನುಷ್ಯನೂ ವ್ಯಾಸ. ಇದಕ್ಕೆ ಎದುರಿನ ಪದ ನಮಗೆಲ್ಲ ಗೊತ್ತು: ಸಮಾಸ. ಧಾತು ಅದೇ, ಮುಂದೆ 'ಸಂ' ಬಂದರೆ ಒಟ್ಟಿಗೆ ಸೇರಿಸುವುದು ಅಂತ ಅರ್ಥ. 'ಅರಸನ ಮನೆ'ಯನ್ನು 'ಅರಮನೆ' ಮಾಡುವುದು ಸಮಾಸದ ಕೆಲಸ. ಹಳೆಯ ಸಂಸ್ಕೃತದಲ್ಲಿ 'ಸಮಾಸ, ವ್ಯಾಸ' ಅನ್ನುವುದು ಜೋಡಿಪದ. ಚುಟುಕಾಗಿ ಹೇಳುವುದು ಸಮಾಸ, ಬಿಡಿಸಿ ಹೇಳುವುದು ವ್ಯಾಸ. ವ್ಯಾಸರು ಈ ಕಥೆಯನ್ನು ವಿಸ್ತಾರವಾಗಿಯೂ ಹೇಳಿದರು, ಸಂಗ್ರಹವಾಗಿಯೂ ಹೇಳಿದರು, ತಿಳಿದವರಿಗೆ ಎರಡೂ ಬೇಕು ಅಂತ ಮಹಾಭಾರತದ ಮೊದಲ ಅಧ್ಯಾಯವೇ ಹೇಳುತ್ತದೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. 'ವ್ಯಾಸಂಗ'ಕ್ಕೂ ವ್ಯಾಸರಿಗೂ ನಂಟಿಲ್ಲ. ಅದು 'ಆಸಂಗ'ದಿಂದ ಬಂದ ಪದ. ಬಿಡದೆ ಅಂಟಿಕೊಂಡಿರುವುದು ಅಂತ ಅರ್ಥ.

ಹಾಗಾದರೆ ವ್ಯಾಸರು ಬಿಡಿಸಿದ್ದು ಏನನ್ನು? ವೇದಗಳನ್ನು. 'ವಿವ್ಯಾಸ ವೇದಾನ್ ಯಸ್ಮಾತ್ ಸ ತಸ್ಮಾದ್ ವ್ಯಾಸ ಇತಿ ಸ್ಮೃತಃ' ಅಂತ ಆದಿಪರ್ವದಲ್ಲೇ ಇದೆ. ವೇದಗಳನ್ನು ವಿಂಗಡಿಸಿದರು, ಅದಕ್ಕೇ ವ್ಯಾಸ ಅಂತ ಕರೆದರು. ಅಂದಮೇಲೆ ಇದು ತಾಯಿ ಇಟ್ಟ ಹೆಸರಲ್ಲ, ಕೆಲಸದಿಂದ ಬಂದ ಹೆಸರು. ಅವರ ಸ್ವಂತ ಹೆಸರು ಕೃಷ್ಣ, ಮೈಬಣ್ಣ ಕಪ್ಪಾಗಿದ್ದರಿಂದ. ಯಮುನೆಯ ನಡುವಿನ ದ್ವೀಪದಲ್ಲಿ ಹುಟ್ಟಿದ್ದರಿಂದ ದ್ವೈಪಾಯನ. ಪರಾಶರರ ಮಗನಾದ್ದರಿಂದ ಪಾರಾಶರ್ಯ. ತಾಯಿ ದೋಣಿ ನಡೆಸುತ್ತಿದ್ದ ಬೆಸ್ತರ ಹುಡುಗಿ ಸತ್ಯವತಿ. ವೇದಾಂತದ ಮೂಲಗ್ರಂಥ ಬ್ರಹ್ಮಸೂತ್ರ ಬರೆದ ಬಾದರಾಯಣರೂ ಇವರೇ ಅನ್ನುವುದು ಸಂಪ್ರದಾಯದ ನಂಬಿಕೆ.

ವಿಂಗಡಿಸುವ ಅಗತ್ಯ ಯಾಕೆ ಬಂತು ಅನ್ನುವುದಕ್ಕೆ ಪುರಾಣಗಳು ಕೊಡುವ ಕಾರಣ ತುಂಬಾ ಪ್ರಾಯೋಗಿಕವಾಗಿದೆ. ಕಾಲ ಕಳೆದಂತೆ ಮನುಷ್ಯರ ಆಯಸ್ಸು, ಶಕ್ತಿ, ತೇಜಸ್ಸು ಎಲ್ಲ ಕಡಿಮೆಯಾಗುತ್ತದೆ. ಒಬ್ಬನ ತಲೆಯಲ್ಲಿ ಇಡೀ ವೇದ ನಿಲ್ಲುವುದಿಲ್ಲ. ಬರೆದಿಡುವ ರೂಢಿ ಇಲ್ಲದ ಕಾಲದಲ್ಲಿ ತಲೆಯಲ್ಲಿ ನಿಲ್ಲದಿದ್ದರೆ ಅದು ಕಳೆದುಹೋದ ಹಾಗೆಯೇ ಅಲ್ವಾ? ಅದಕ್ಕೇ ಪಾಲು ಮಾಡಿ ಹಂಚಿದರು. ಋಗ್ವೇದ ಪೈಲನಿಗೆ, ಯಜುರ್ವೇದ ವೈಶಂಪಾಯನನಿಗೆ, ಸಾಮವೇದ ಜೈಮಿನಿಗೆ, ಅಥರ್ವವೇದ ಸುಮಂತುವಿಗೆ. ಅವರಿಂದ ಅವರ ಶಿಷ್ಯರಿಗೆ, ಹೀಗೆ ಶಾಖೆಗಳು ಬೆಳೆದವು. ನನಗೆ ಈ ಕಥೆಯಲ್ಲಿ ತುಂಬಾ ಇಷ್ಟವಾಗುವುದು ಇದೇ. ಇಲ್ಲಿ ಹಂಚುವುದು ಅಂದರೆ ಉಳಿಸುವುದು. ಆಷಾಢ ಹುಣ್ಣಿಮೆಯನ್ನು ವ್ಯಾಸಪೂರ್ಣಿಮೆ, ಗುರುಪೂರ್ಣಿಮೆ ಅಂತ ಎರಡೂ ಹೆಸರಿನಿಂದ ಕರೆಯುವುದು, ಸಂನ್ಯಾಸಿಗಳು ಚಾತುರ್ಮಾಸ್ಯಕ್ಕೆ (ಮಳೆಗಾಲದಲ್ಲಿ ಒಂದೇ ಕಡೆ ನಿಲ್ಲುವ ವ್ರತಕ್ಕೆ) ಕೂರುವ ಮುನ್ನ ಅಂದು ವ್ಯಾಸಪೂಜೆ ಮಾಡುವುದು, ಎಲ್ಲ ಈ ವ್ಯಾಸರ ನೆನಪಿಗೇ.

ಕೆಲಸದ ಹೆಸರು ಅಂದಮೇಲೆ ಆ ಕೆಲಸ ಮಾಡಿದವರೆಲ್ಲ ವ್ಯಾಸರೇ ಆಗಬೇಕು. ವಿಷ್ಣುಪುರಾಣದ ಮೂರನೇ ಅಂಶ, ಅಂದರೆ ಮೂರನೇ ಭಾಗ, ಅದನ್ನೇ ಹೇಳುತ್ತದೆ. ಪ್ರತಿ ದ್ವಾಪರದಲ್ಲೂ ಒಬ್ಬ ವ್ಯಾಸ ಬರುತ್ತಾನೆ, ಈ ಮನ್ವಂತರದಲ್ಲಿ (ಒಬ್ಬ ಮನುವಿನ ಕಾಲ, ಅದರಲ್ಲಿ ನಾಲ್ಕು ಯುಗಗಳು ಮತ್ತೆ ಮತ್ತೆ ಬರುತ್ತವೆ) ಇದುವರೆಗೆ 28 ಜನ ಆಗಿದ್ದಾರೆ ಅಂತ ಹೆಸರಿನ ಪಟ್ಟಿಯನ್ನೇ ಕೊಡುತ್ತದೆ. ಪಟ್ಟಿಯಲ್ಲಿ 24ನೆಯವರು ಯಾರು ಗೊತ್ತಾ? ಭೃಗುವಂಶದ ಋಕ್ಷ, ವಾಲ್ಮೀಕಿ ಅಂತ ಕರೆಸಿಕೊಂಡವರು. ರಾಮಾಯಣದ ಕವಿಯೂ ಒಬ್ಬ ವ್ಯಾಸರೇ! 26ನೆಯವರು ಪರಾಶರರು, 28ನೆಯವರು ಅವರ ಮಗ ಕೃಷ್ಣದ್ವೈಪಾಯನರು. ಮುಂದಿನ ದ್ವಾಪರದ ವ್ಯಾಸ ಯಾರಾಗುತ್ತಾರೆ ಅನ್ನುವುದನ್ನೂ ಪುರಾಣ ಹೇಳಿಟ್ಟಿದೆ. ದ್ರೋಣನ ಮಗ, ಅಶ್ವತ್ಥಾಮ. ರಾತ್ರಿ ಮಲಗಿದ್ದವರನ್ನು ಕೊಂದವನು, ಹೊಟ್ಟೆಯಲ್ಲಿದ್ದ ಕೂಸಿನ ಮೇಲೆ ಅಸ್ತ್ರ ಬಿಟ್ಟವನು. ಆ ಅಸ್ತ್ರಕ್ಕೂ ಅರ್ಜುನನ ಅಸ್ತ್ರಕ್ಕೂ ನಡುವೆ ಹೋಗಿ ನಿಂತವರು ನಾರದರ ಜೊತೆ ಇದೇ ವ್ಯಾಸರು. ಅಂಥವನಿಗೆ ಮುಂದೆ ಅದೇ ಪೀಠ ಸಿಗುತ್ತದೆ ಅಂತ ಬರೆದ ಪುರಾಣಕಾರನ ಮನಸ್ಸು ಎಷ್ಟು ದೊಡ್ಡದು ಅನ್ನಿಸುತ್ತದೆ.

ವೇದ ಒಂದು ಕಡೆ ಇರಲಿ. ಮಹಾಭಾರತದ ವಿಷಯಕ್ಕೆ ಬಂದರೆ ಕವಿ ಅನ್ನುವ ನಮ್ಮ ಈಗಿನ ಕಲ್ಪನೆಯಲ್ಲಿ ವ್ಯಾಸರು ಹಿಡಿಸುವುದೇ ಇಲ್ಲ. ಕಾರಣ, ಅವರು ಹೇಳುತ್ತಿರುವುದು ತಮ್ಮ ಮನೆಯ ಕಥೆ. ಕೌರವರೂ ಅವರ ಮೊಮ್ಮಕ್ಕಳು, ಪಾಂಡವರೂ ಅವರ ಮೊಮ್ಮಕ್ಕಳು.

ಸತ್ಯವತಿಯ ಕಿರಿಯ ಮಗ, ರಾಜ ವಿಚಿತ್ರವೀರ್ಯ ಮಕ್ಕಳಿಲ್ಲದೆ ಸತ್ತಾಗ ಸತ್ಯವತಿ ತನ್ನ ಮೊದಲ ಮಗನನ್ನು ನೆನೆಯುತ್ತಾಳೆ. ವ್ಯಾಸರು ಬರುತ್ತಾರೆ. ಸೊಸೆಯರು ಒಂದು ವರ್ಷ ವ್ರತ ಮಾಡಲಿ, ಆಮೇಲೆ ನೋಡೋಣ ಅನ್ನುತ್ತಾರೆ. ಅಷ್ಟು ಕಾಯಲು ಆಗುವುದಿಲ್ಲ, ರಾಜನಿಲ್ಲದ ರಾಜ್ಯ ಉಳಿಯುವುದಿಲ್ಲ ಅಂತ ತಾಯಿ ಅವಸರ ಮಾಡುತ್ತಾಳೆ. ಹಾಗಿದ್ದರೆ ನನ್ನ ವಾಸನೆ, ರೂಪ, ವೇಷ ಎಲ್ಲವನ್ನೂ ಸೊಸೆ ಸಹಿಸಬೇಕು ಅನ್ನುತ್ತಾರೆ ಮಗ. ಹಿರಿಯ ಸೊಸೆ ಅಂಬಿಕೆಯ ಕೋಣೆಯಲ್ಲಿ ದೀಪಗಳು ಉರಿಯುತ್ತಿವೆ. ಕಪ್ಪು ಮೈ, ಕೆಂಜೆಡೆ, ಉರಿಯುವ ಕಣ್ಣು, ಕೆಂಚು ಗಡ್ಡ ನೋಡಿದವಳೇ ಆಕೆ ಕಣ್ಣು ಮುಚ್ಚುತ್ತಾಳೆ. ಹುಟ್ಟುವವನು ಕುರುಡ ಧೃತರಾಷ್ಟ್ರ. ಕಿರಿಯ ಸೊಸೆ ಅಂಬಾಲಿಕೆ ಬಿಳಿಚಿಕೊಳ್ಳುತ್ತಾಳೆ, ಬಿಳಿಚಿದ ಮೈಯ ಪಾಂಡು ಹುಟ್ಟುತ್ತಾನೆ. ಮತ್ತೊಮ್ಮೆ ಹೋಗು ಅಂದಾಗ ಅಂಬಿಕೆ ತನ್ನ ಒಡವೆ ತೊಡಿಸಿ ದಾಸಿಯನ್ನು ಕಳಿಸುತ್ತಾಳೆ. ಹೆದರದೆ, ಅಸಹ್ಯ ಪಡದೆ ಉಪಚರಿಸಿದವಳು ಆ ದಾಸಿ ಒಬ್ಬಳೇ. ಅವಳ ಮಗ ವಿದುರ. ತನ್ನ ರೂಪವನ್ನು ಇಷ್ಟು ಕಠಿಣವಾಗಿ ತನ್ನ ಕಾವ್ಯದಲ್ಲೇ ಬಣ್ಣಿಸಿಕೊಂಡ ಕವಿ ಇನ್ನೊಬ್ಬನಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಮುಂದಿನ ತಲೆಮಾರಿನಲ್ಲೂ ಅವರೇ ಬರಬೇಕಾಗುತ್ತದೆ. ಗಾಂಧಾರಿ ಎರಡು ವರ್ಷ ಬಸುರಿ. ಕುಂತಿಗೆ ಮಗ ಹುಟ್ಟಿದ ಸುದ್ದಿ ಕೇಳಿ ಹೊಟ್ಟೆ ಹಿಸುಕಿಕೊಂಡರೆ ಬಿದ್ದದ್ದು ಕಬ್ಬಿಣದಂಥ ಮಾಂಸದ ಮುದ್ದೆ. ಅದನ್ನು ಎಸೆಯಲು ಹೊರಟಾಗ ವ್ಯಾಸರು ತಡೆದು, ತುಪ್ಪ ತುಂಬಿದ ನೂರು ಗಡಿಗೆ ತರಿಸುತ್ತಾರೆ. ಮುದ್ದೆಯ ಮೇಲೆ ತಣ್ಣೀರು ಬಿದ್ದಂತೆ ಅದು ಹೆಬ್ಬೆರಳಿನ ಗಿಣ್ಣಿನಷ್ಟು ಗಾತ್ರದ ಚೂರುಗಳಾಗಿ ಬಿಡಿಸಿಕೊಳ್ಳುತ್ತದೆ. ಎಣಿಸಿದರೆ ನೂರರ ಮೇಲೆ ಒಂದು ಜಾಸ್ತಿ. ಆ ಒಂದಕ್ಕೆ ಇನ್ನೊಂದು ಗಡಿಗೆ. ಅದೇ ದುಶ್ಶಲೆ. ವೇದವನ್ನು ಬಿಡಿಸಿದ ಕೈಯೇ ಇದನ್ನೂ ಬಿಡಿಸಿತು ಅನ್ನುವುದನ್ನು ಓದುವಾಗ 'ವ್ಯಾಸ' ಅನ್ನುವ ಹೆಸರು ಬೇರೆಯದೇ ತೂಕ ಪಡೆಯುತ್ತದೆ.

ಪಾಂಡು ಸತ್ತ ಮೇಲೆ ಅವರು ತಾಯಿಯ ಹತ್ತಿರ ಬಂದು ಹೇಳುವ ಮಾತು ಇಡೀ ಕಾವ್ಯದಲ್ಲೇ ನನ್ನನ್ನು ಹೆಚ್ಚು ಕಾಡುವ ಮಾತು. ಸುಖದ ಕಾಲ ಮುಗಿಯಿತು, ಕಠಿಣ ಕಾಲ ಎದುರಿಗಿದೆ, ನಾಳೆ ನಾಳೆಗೆ ದಿನಗಳು ಕೆಡುತ್ತಲೇ ಹೋಗುತ್ತವೆ, ಭೂಮಿಯ ಯೌವನ ಕಳೆಯಿತು. 'ಪೃಥಿವೀ ಗತಯೌವನಾ.' ನಿನ್ನ ಕುಲದ ನಾಶವನ್ನು ನೋಡುವುದು ಬೇಡ ತಾಯಿ, ಕಾಡಿಗೆ ಹೋಗು. ಸತ್ಯವತಿ ಇಬ್ಬರು ಸೊಸೆಯರನ್ನೂ ಕರೆದುಕೊಂಡು ಹೋಗುತ್ತಾಳೆ. ತಾಯಿಯನ್ನು ಕಳಿಸಿದ ಮಗ ಮಾತ್ರ ಕೊನೆಯವರೆಗೂ ಎಲ್ಲವನ್ನೂ ನೋಡುತ್ತಾರೆ. ಕಾವ್ಯದ ಕೊನೆಗೆ, ಸ್ವರ್ಗಾರೋಹಣ ಪರ್ವದಲ್ಲಿ, ಎರಡೂ ಕೈ ಎತ್ತಿ ಕೂಗುತ್ತಿದ್ದೇನೆ, ಯಾರೂ ನನ್ನ ಮಾತು ಕೇಳುವುದಿಲ್ಲ ಅನ್ನುತ್ತಾರೆ: ಧರ್ಮದಿಂದಲೇ ಅರ್ಥ, ಕಾಮ ಎರಡೂ ಸಿಗುತ್ತವೆ, ಮತ್ತೆ ಯಾಕೆ ಧರ್ಮವನ್ನು ಹಿಡಿಯುವುದಿಲ್ಲ?

ಮೂರು ವರ್ಷ, ದಿನವೂ ಎದ್ದು ಕೂತು ಈ ಕಾವ್ಯ ಮಾಡಿದರು ಅಂತ ಗ್ರಂಥ ಹೇಳಿಕೊಳ್ಳುತ್ತದೆ. ನಾವು ಓದುವುದಾದರೂ ನೇರವಾಗಿ ಅವರ ಬಾಯಿಂದಲ್ಲ. ಶಿಷ್ಯ ವೈಶಂಪಾಯನ ಅರ್ಜುನನ ಮರಿಮಗ ಜನಮೇಜಯನ ಸರ್ಪಯಾಗದಲ್ಲಿ ಹೇಳಿದ್ದು, ಅದನ್ನು ಕೇಳಿಸಿಕೊಂಡ ಕಥೆಗಾರ ಉಗ್ರಶ್ರವಸ್ಸು ನೈಮಿಷಾರಣ್ಯದಲ್ಲಿ ಮತ್ತೆ ಹೇಳಿದ್ದು. ಉಪಾಖ್ಯಾನಗಳನ್ನು, ಅಂದರೆ ಉಪಕಥೆಗಳನ್ನು ಬಿಟ್ಟರೆ 24,000 ಶ್ಲೋಕ, ಸೇರಿಸಿದರೆ ಒಂದು ಲಕ್ಷ ಅಂತ ಲೆಕ್ಕವೂ ಒಳಗೇ ಇದೆ. ಶತಮಾನಗಳ ಕಾಲ ಹಲವರ ಬಾಯಲ್ಲಿ ಇದು ಬೆಳೆದಿದೆ ಅಂತ ವಿದ್ವಾಂಸರು ಹೇಳುವುದು ಸುಮ್ನೆ ಅಲ್ಲ. ಗಣೇಶ ಲಿಪಿಕಾರನಾದ ಕಥೆಯೂ ಹಾಗೆ ಆಮೇಲೆ ಸೇರಿದ್ದು ಅಂತ ಪುಣೆಯ ಭಂಡಾರ್ಕರ್ ಸಂಸ್ಥೆ ಹಲವು ಹಸ್ತಪ್ರತಿಗಳನ್ನು ಹೋಲಿಸಿ ತಂದ ಪರಿಷ್ಕೃತ ಆವೃತ್ತಿ ಅದನ್ನು ಮೂಲಪಾಠದಿಂದ ಹೊರಗಿಟ್ಟಿದೆ. ಆದರೂ ಕಥೆ ಚೆನ್ನಾಗಿದೆ. ನನ್ನ ಲೇಖನಿ ನಿಲ್ಲಬಾರದು ಅನ್ನುವುದು ಗಣೇಶನ ಷರತ್ತು, ಅರ್ಥವಾಗದೆ ಬರೆಯಬಾರದು ಅನ್ನುವುದು ವ್ಯಾಸರ ಷರತ್ತು. ಅದಕ್ಕೇ ನಡುನಡುವೆ ಗಂಟಿನಂಥ ಶ್ಲೋಕಗಳು. ಗಣೇಶ ಯೋಚಿಸುವಷ್ಟರಲ್ಲಿ ವ್ಯಾಸರಿಗೆ ಮುಂದಿನದು ಹೊಳೆಯುತ್ತಿತ್ತು.

ಕನ್ನಡಕ್ಕೆ ಬಂದರೆ, ಈ ಹೆಸರು ನಮ್ಮಲ್ಲಿ ಹಲವು ಕಡೆ ಇಳಿದಿದೆ. ಮಾಧ್ವ ಪರಂಪರೆಯಲ್ಲಿ ಸಂಸ್ಕೃತದಲ್ಲಿ ಶಾಸ್ತ್ರಗ್ರಂಥ ಬರೆದವರ ಗುಂಪು ವ್ಯಾಸಕೂಟ, ಕನ್ನಡದಲ್ಲಿ ಹಾಡಿದವರದು ದಾಸಕೂಟ. ಇವೆರಡರ ನಡುವೆ ಗೋಡೆ ಇತ್ತು ಅಂದುಕೊಳ್ಳಬೇಡಿ. ವಿಜಯನಗರದ ಕಾಲದ ವ್ಯಾಸರಾಯರು ಸಂಸ್ಕೃತದ ದೊಡ್ಡ ತಾರ್ಕಿಕರು, ಪುರಂದರದಾಸರ ಗುರುಗಳು, 'ಕೃಷ್ಣಾ ನೀ ಬೇಗನೆ ಬಾರೋ' ಹಾಡಿದವರೂ ಅವರೇ.

ಕವಿಗಳಲ್ಲಿ ಪಂಪ ಮೊದಲು. ಕ್ರಿ.ಶ. 941ರ ವಿಕ್ರಮಾರ್ಜುನ ವಿಜಯದ ಶುರುವಿನಲ್ಲೇ ವ್ಯಾಸಮುನೀಂದ್ರರ ಮಾತಿನ ಅಮೃತಸಮುದ್ರವನ್ನು ಈಜುತ್ತೇನೆ, ಆದರೆ 'ಕವಿ ವ್ಯಾಸನೆನೆಂಬ ಗರ್ವಮೆನಗಿಲ್ಲ' ಅನ್ನುತ್ತಾನೆ. ಹಾಗಂದವನು ಕಥೆಯನ್ನು ಮಾತ್ರ ಧೈರ್ಯವಾಗಿ ಬದಲಾಯಿಸಿದ. ಅವನ ದ್ರೌಪದಿ ಅರ್ಜುನನೊಬ್ಬನ ಹೆಂಡತಿ.

ಗದುಗಿನ ನಾರಣಪ್ಪ ಇನ್ನೂ ಹತ್ತಿರ ಹೋದ, ತನ್ನನ್ನು ವ್ಯಾಸರ ಮಗ ಅಂತಲೇ ಕರೆದುಕೊಂಡ. ಕುಮಾರವ್ಯಾಸ. ಹಲಗೆ ಬಳಪ ಹಿಡಿಯದ, ಇಟ್ಟ ಪದವನ್ನು ಅಳಿಸದ, ಓಲೆಯ ಮೇಲೆ ಕಂಠದ (ಬರೆಯುವ ಲೋಹದ ಕಡ್ಡಿಯ) ಸದ್ದು ನಿಲ್ಲದ ಹಾಗೆ ಬರೆಯುವ ಹೆಗ್ಗಳಿಕೆ ತನ್ನದು ಅನ್ನುತ್ತಾನೆ. ಇದು ಗಣೇಶ ವ್ಯಾಸರಿಗೆ ಹಾಕಿದ ಷರತ್ತೇ ಅಲ್ವಾ? ಆದರೆ ಗದುಗಿನಲ್ಲಿ ಆಸನಗಳು ಅದಲುಬದಲಾಗಿವೆ. ಅಲ್ಲಿ ಋಷಿ ಕವಿ, ದೇವರು ಬರೆದುಕೊಂಡವನು. ಇಲ್ಲಿ 'ವೀರನಾರಾಯಣನೆ ಕವಿ, ಲಿಪಿಕಾರ ಕುವರವ್ಯಾಸ.' ಅವನು ಹತ್ತು ಪರ್ವಕ್ಕೆ, ಗದಾಪರ್ವದ ಹೊತ್ತಿಗೆ ನಿಲ್ಲಿಸಿದ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಕನ್ನಡದಲ್ಲಿ ಬರೆದು ಮುಗಿಸಿದ. ದೇವನೂರಿನ ಲಕ್ಷ್ಮೀಶ ವ್ಯಾಸರನ್ನು ಬಿಟ್ಟು ಅವರ ಶಿಷ್ಯ ಜೈಮಿನಿಯ ಹೆಸರಿನಲ್ಲಿರುವ ಅಶ್ವಮೇಧದ ಕಥೆಯನ್ನು ಹಿಡಿದ, ಅದೇ ನಮ್ಮ ಜೈಮಿನಿ ಭಾರತ.