ಚಳ್ಳಕೆರೆಗೆ ಬರಬೇಕಾದ ಕಡಲಿನ ಲೆಕ್ಕ

ಭದ್ರಾ ಕಾಲುವೆಗೆ ನೀರು ಬಿಟ್ಟಾಗಲೆಲ್ಲ ದಾವಣಗೆರೆ ಕಡೆ ಒಂದು ದೂರು ಇದ್ದದ್ದೇ: ಡ್ಯಾಮಿನಲ್ಲಿ ನೀರಿದೆ, ಕೊನೆ ಭಾಗದ ಗದ್ದೆಗೆ ಮುಟ್ಟಿಲ್ಲ. ಸಮುದ್ರದ ಮಾಹಿತಿಯ ಕಥೆಯೂ ಹೀಗೇ. ಅಳೆಯುವುದು ಚೆನ್ನಾಗಿಯೇ ನಡೆದಿದೆ, ಕಷ್ಟ ಇರುವುದು ಹಂಚುವುದರಲ್ಲಿ.

ಲೋಕದ ಸಮುದ್ರಗಳಲ್ಲಿ ಸುಮಾರು 4,000 ಆರ್ಗೋ ಫ್ಲೋಟ್‌ಗಳಿವೆ. ಹೆಚ್ಚು ಕಡಿಮೆ ಆಳೆತ್ತರದ ಕೊಳವೆಗಳು. 1,000 ಮೀಟರ್ ಆಳದಲ್ಲಿ ತೇಲುತ್ತಿದ್ದು, ಹತ್ತು ದಿನಕ್ಕೊಮ್ಮೆ 2,000 ಮೀಟರ್‌ವರೆಗೆ ಇಳಿದು, ಮೇಲೆ ಬರುವಾಗ ನೀರಿನ ಬಿಸಿ, ಉಪ್ಪು ಅಳೆಯುತ್ತವೆ. ಲೆಕ್ಕ ಉಪಗ್ರಹಕ್ಕೆ ಹೋಗುತ್ತದೆ. ಹಲವು ದೇಶಗಳು ಸೇರಿ ನಡೆಸುವ ಜಾಲ ಇದು. ಭಾರತದ ಪಾಲನ್ನು ನೋಡಿಕೊಳ್ಳುವುದು ಹೈದರಾಬಾದಿನ ಇನ್‌ಕಾಯಿಸ್, ಕಡಲಿನ ಮಾಹಿತಿ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ. ಮಾಹಿತಿ ಯಾರಿಗೆ ಬೇಕಾದರೂ ಪುಕ್ಕಟೆ.

ಆದರೆ ಬೇಗ ಬೇಕಾ, ಸರಿಯಾಗಿ ಬೇಕಾ? ಹವಾಮಾನ ಹೇಳುವವರು ಒಂದು ದಿನಕ್ಕಿಂತ ಜಾಸ್ತಿ ಕಾಯಲಾರರು. ಭೂಮಿ ಬಿಸಿಯಾಗುವುದನ್ನು ಲೆಕ್ಕ ಹಾಕುವವರಿಗೆ ಅವಸರವಿಲ್ಲ, ಆದರೆ ಸಣ್ಣ ತಪ್ಪೂ ನಡೆಯುವುದಿಲ್ಲ. ಹಾಗಾಗಿ ಒಂದೇ ಅಳತೆಯನ್ನು ಎರಡು ಸಲ ಕೊಡುತ್ತಾರೆ. ಮೊದಲ ಸಲ ಕಂಪ್ಯೂಟರೇ ಪರೀಕ್ಷೆ ಮಾಡುತ್ತದೆ. ತಾರೀಖು ಸರಿಯೇ? ಬಿಸಿ ಇದ್ದಕ್ಕಿದ್ದಂತೆ ಜಿಗಿದಿದೆಯೇ? ಫ್ಲೋಟ್ ನೆಲದ ಮೇಲಿದೆಯೇ? ಚಳ್ಳಕೆರೆಯಲ್ಲಿದ್ದೇನೆ ಎಂದು ಫ್ಲೋಟ್ ಹೇಳಿದರೆ ಅಲ್ಲೇ ಸಿಕ್ಕಿಬೀಳುತ್ತದೆ! ಒಳ್ಳೆಯ ಅಳತೆಗೆ 1, ಕೆಟ್ಟದ್ದಕ್ಕೆ 4 ಎಂದು ಗುರುತು ಹಾಕಿ ಕಳಿಸುತ್ತದೆ. ತಿಂಗಳುಗಳ ನಂತರ ತಜ್ಞರು ಕೂತು, ಉಪ್ಪು ಅಳೆಯುವ ಸೆನ್ಸರ್ ಹಳತಾಗಿ ದಾರಿ ತಪ್ಪಿದೆಯೇ ಎಂದು ನೋಡಿ, ತಿದ್ದಿದ ಲೆಕ್ಕ ಕೊಡುತ್ತಾರೆ. ಇಡೀ ಜಾಲದಲ್ಲಿ ನನಗೆ ಜಾಣತನ ಕಾಣುವುದು ಇಲ್ಲೇ.

ಮೀನುಗಾರರಿಗೆ ಈ ಎರಡೂ ಬೇಡ. ಸಮುದ್ರದ ಮೇಲ್ಮೈಯ ಬಿಸಿ, ಹಸಿರು ಪಾಚಿ ಎಲ್ಲೆಲ್ಲಿದೆ ಎಂದು ಉಪಗ್ರಹದಿಂದ ನೋಡಿ ಇನ್‌ಕಾಯಿಸ್ ಮೀನು ಸಿಗುವ ಜಾಗ ಹೇಳುತ್ತದೆ. ನಿಮ್ಮ ದಡದಿಂದ ಯಾವ ದಿಕ್ಕು, ಎಷ್ಟು ಕಿಲೋಮೀಟರ್, ಎಷ್ಟು ಆಳ. ಅಷ್ಟೇ. ದೋಣಿ ಬಿಡಲು ಬೇಕಾದ್ದೂ ಅಷ್ಟೇ ಅಲ್ವಾ?

ಚಳ್ಳಕೆರೆಯ ಶೇಂಗಾ ರೈತರಿಗೂ ಕಡಲಿನ ಲೆಕ್ಕ ಬೇಕು. ಒಂದು ಹದ ಮಳೆ ನಂಬಿ ಬಿತ್ತಿದ ಮೇಲೆ ಹದಿನೈದು ದಿನ ಮಳೆ ಕೈಕೊಟ್ಟರೆ ಮೊಳಕೆ ಒಣಗುತ್ತದೆ. ಮೂರ್ನಾಲ್ಕು ದಿನದ ಮುನ್ಸೂಚನೆಗೆ ಈಗಿನ ಮೋಡ, ಗಾಳಿಯೇ ಮುಖ್ಯ. ಎರಡು ವಾರ ದಾಟಿದರೆ ಕಡಲಿನ ಬಿಸಿಯ ಪ್ರಭಾವ ಜೋರಾಗುತ್ತದೆ. ಹವಾಮಾನ ಇಲಾಖೆ ಪ್ರತಿ ಗುರುವಾರ ನಾಲ್ಕು ವಾರದ ಮುನ್ಸೂಚನೆ ಕೊಡುತ್ತದೆ. ಆದರೆ ಅದರಲ್ಲಿ ಮಳೆಯ ಲೆಕ್ಕ ಇರುವುದು ಉಪವಿಭಾಗವಾರು. ದಕ್ಷಿಣ ಒಳನಾಡು ಎಂಬ ಒಂದೇ ಉಪವಿಭಾಗದಲ್ಲಿ ಮಡಿಕೇರಿ, ಆಗುಂಬೆ, ಚಳ್ಳಕೆರೆ ಎಲ್ಲವೂ ಇವೆ! ಈ ಸರಾಸರಿ ನೋಡಿ ಯಾರು ಬಿತ್ತುತ್ತಾರೆ?

ಇತ್ತ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆ ಅಳೆಯುತ್ತದೆ. ಫೋನ್ ಮಾಡಿ ಕೇಳಲು ವರುಣ ಮಿತ್ರ ಸಹಾಯವಾಣಿಯೂ ಇದೆ. ಗುರುವಾರದ ಮುನ್ಸೂಚನೆಯನ್ನು ಹೋಬಳಿಗೆ ಒಡೆದು, ಎಷ್ಟು ನಂಬಬಹುದು ಎಂಬುದನ್ನೂ ಸೇರಿಸಿ, ಇದೇ ಫೋನಿನಲ್ಲಿ ಎರಡು ಮಾತಲ್ಲಿ ಹೇಳುವಂತಾಗಬೇಕು. ಅದೂ ಬಿತ್ತನೆಗೆ ಮೊದಲು.