ಇಂಗಾಲದ ಟೊಳ್ಳು ಗೋಲ: ಊಹೆಯಿಂದ ಪುರಾವೆಯವರೆಗೆ

ಅರವತ್ತು ಇಂಗಾಲದ ಪರಮಾಣುಗಳು ಹೆಣೆದುಕೊಂಡು ಟೊಳ್ಳಾದ ಗೋಲವಾಗಬಲ್ಲವು ಎಂದು ಜಪಾನಿನ ರಸಾಯನ ವಿಜ್ಞಾನಿ ಎಯ್ಜಿ ಒಸಾವ 1970ರಲ್ಲೇ ಬರೆದಿದ್ದರು. ಕಾಲ್ಚೆಂಡಿನ ಹೊಲಿಗೆಯ ವಿನ್ಯಾಸ ನೋಡಿ ಹೊಳೆದ ಆ ವಿಚಾರ ಜಪಾನಿ ಭಾಷೆಯಲ್ಲಷ್ಟೇ ಪ್ರಕಟವಾದ್ದರಿಂದ ಹೊರಗಿನವರ ಗಮನಕ್ಕೆ ಬರಲಿಲ್ಲ. 1973ರಲ್ಲಿ ಸೋವಿಯತ್ ಒಕ್ಕೂಟದ ಬೊಚ್ವಾರ್ ಮತ್ತು ಗಾಲ್ಪೆರ್ನ್ ಇಂಥ ಅಣು ಸ್ಥಿರವಾಗಿರುತ್ತದೆಂದು ಲೆಕ್ಕ ಹಾಕಿ ತೋರಿಸಿದರು. ಅದನ್ನೂ ಯಾರೂ ಬೆನ್ನು ಹತ್ತಲಿಲ್ಲ.

ಅಣು ಕಣ್ಣಿಗೆ ಬಿದ್ದದ್ದು ಬೇರೆಯೇ ಹುಡುಕಾಟದಲ್ಲಿ. ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದ ಹೆರಾಲ್ಡ್ ಕ್ರೋಟೊ ಅವರಿಗೆ ಕೆಂಪು ದೈತ್ಯ ನಕ್ಷತ್ರಗಳ ಸುತ್ತ ಇಂಗಾಲದ ಉದ್ದನೆಯ ಸರಪಳಿಗಳು ಹೇಗೆ ಉಂಟಾಗುತ್ತವೆಂದು ತಿಳಿಯಬೇಕಿತ್ತು. ಅಮೆರಿಕದ ಹ್ಯೂಸ್ಟನ್‌ನ ರೈಸ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಸ್ಮಾಲಿ ಅವರ ಬಳಿ ಘನವಸ್ತುವನ್ನು ಲೇಸರ್‌ನಿಂದ ಆವಿಯಾಗಿಸಿ, ಹೀಲಿಯಂನಲ್ಲಿ ತಣಿಸಿ, ಹುಟ್ಟಿದ ಕಣಗಳ ತೂಕ ಅಳೆಯುವ ಯಂತ್ರವಿತ್ತು. 1985ರ ಸೆಪ್ಟೆಂಬರ್‌ನಲ್ಲಿ ಕ್ರೋಟೊ, ಸ್ಮಾಲಿ, ರಾಬರ್ಟ್ ಕರ್ಲ್ ಹಾಗೂ ವಿದ್ಯಾರ್ಥಿಗಳಾದ ಜೇಮ್ಸ್ ಹೀತ್, ಶಾನ್ ಒಬ್ರಿಯನ್ ಮತ್ತು ಯುವಾನ್ ಲಿಯು ಅದರಲ್ಲಿ ಪೆನ್ಸಿಲ್ ಕಡ್ಡಿಯಲ್ಲಿರುವ ಇಂಗಾಲವಾದ ಗ್ರಾಫೈಟ್ ಇಟ್ಟು ಪ್ರಯೋಗ ನಡೆಸಿದಾಗ, ನಕ್ಷೆಯಲ್ಲಿ 60 ಪರಮಾಣುಗಳ ಗೆರೆ ಅಕ್ಕಪಕ್ಕದ ಗೆರೆಗಳನ್ನೆಲ್ಲ ಮೀರಿ ನಿಂತಿತು. ಹಿಂದಿನ ವರ್ಷ ಎಕ್ಸಾನ್ ಸಂಸ್ಥೆಯ ಸಂಶೋಧಕರಿಗೂ ಆ ಗೆರೆ ಕಂಡಿತ್ತು, ಆದರೆ ಅವರು ಅದಕ್ಕೆ ವಿಶೇಷ ಅರ್ಥ ಕೊಟ್ಟಿರಲಿಲ್ಲ.

ಅರವತ್ತೇ ಏಕೆ? ಗ್ರಾಫೈಟಿನಲ್ಲಿ ಪರಮಾಣುಗಳು ಷಡ್ಭುಜಗಳ ಹಾಳೆಯಾಗಿ ಹೆಣೆದಿರುತ್ತವೆ. ಆ ಹಾಳೆಯ ಅಂಚಿನಲ್ಲಿರುವ ಪರಮಾಣುಗಳಿಗೆ ಜೋಡಿಯಿಲ್ಲದ ಬಂಧಗಳು ಉಳಿಯುತ್ತವೆ. ಅಂಚೇ ಇಲ್ಲದಂತೆ ಹಾಳೆ ಮುಚ್ಚಿಕೊಂಡರೆ ಮಾತ್ರ ಆ ಕೊರತೆ ತೀರುತ್ತದೆ. ಸ್ಮಾಲಿ ಒಂದು ರಾತ್ರಿ ಕಾಗದದಲ್ಲಿ ಷಡ್ಭುಜಗಳನ್ನು ಕತ್ತರಿಸಿ ಅಂಟಿಸಿದಾಗ ಅವು ಮಟ್ಟಸವಾಗಿ ಹರಡಿಕೊಂಡವೇ ಹೊರತು ಬಾಗಲಿಲ್ಲ. ನಡುವೆ ಪಂಚಭುಜಗಳನ್ನು ಸೇರಿಸಿದೊಡನೆ ಕಾಗದ ಬಟ್ಟಲಿನಂತೆ ಬಾಗಿ, 12 ಪಂಚಭುಜ ಮತ್ತು 20 ಷಡ್ಭುಜಗಳಿಗೆ ಪೂರ್ತಿ ಮುಚ್ಚಿಕೊಂಡಿತು. ಮೂಲೆಗಳು ಸರಿಯಾಗಿ ಅರವತ್ತು. ಇಂಥದೇ ಜೋಡಣೆಯ ಗುಮ್ಮಟಗಳನ್ನು ಕಟ್ಟಿದ ವಾಸ್ತುಶಿಲ್ಪಿ ಬಕ್‌ಮಿನ್‌ಸ್ಟರ್ ಫುಲ್ಲರ್ ಅವರ ಹೆಸರನ್ನೇ ಅಣುವಿಗೆ ಇಟ್ಟರು. ಈ ಬಗೆಯ ಅಣುಗಳೆಲ್ಲ ಇಂದು ಫುಲ್ಲರೀನ್‌ಗಳು.

ಆದರೆ ಕೈಯಲ್ಲಿದ್ದದ್ದು ಒಂದು ಗೆರೆ ಮತ್ತು ಒಂದು ಕಾಗದದ ಚೆಂಡು. ವಸ್ತುವಿಲ್ಲದೆ ಆಕಾರವನ್ನು ಸಾಬೀತುಪಡಿಸುವುದು ಸಾಧ್ಯವಿರಲಿಲ್ಲ, ಸಂಶಯಪಟ್ಟವರ ಮಾತಿನಲ್ಲಿ ನ್ಯಾಯವಿತ್ತು. ಈ ಐದು ವರ್ಷಗಳ ಕೊರತೆಯನ್ನು ತುಂಬಿದವರು ಜರ್ಮನಿಯ ಹೈಡೆಲ್‌ಬರ್ಗ್‌ನ ವುಲ್ಫ್‌ಗ್ಯಾಂಗ್ ಕ್ರಾಟ್ಷ್ಮರ್ ಮತ್ತು ಅರಿಜೋನಾದ ಡೊನಾಲ್ಡ್ ಹಫ್‌ಮನ್. ಹೀಲಿಯಂ ತುಂಬಿದ ಪಾತ್ರೆಯಲ್ಲಿ ಗ್ರಾಫೈಟ್ ಕಡ್ಡಿಗಳಿಗೆ ವಿದ್ಯುತ್ ಹಾಯಿಸಿ ಅವರು ಪಡೆದ ಮಸಿ, ಗೋಲಾಕಾರದ ಅಣುವಿಗೆ ಸಿದ್ಧಾಂತ ಹೇಳಿದ್ದ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ನಾಲ್ಕು ಹೀರಿಕೆಯ ಗೆರೆಗಳನ್ನೇ ತೋರಿಸಿತು. 1990ರಲ್ಲಿ ಆ ಮಸಿಯನ್ನು ಬೆಂಜೀನ್‌ನಲ್ಲಿ ಕದಡಿದಾಗ ದ್ರವ ಕೆಂಪಾಯಿತು. ಅದನ್ನು ಆರಿಸಿದಾಗ ಹರಳುಗಳು ಉಳಿದವು. ಅತ್ತ ಸಸೆಕ್ಸ್‌ನಲ್ಲಿ ಕ್ರೋಟೊ ತಂಡ ಶುದ್ಧ ವಸ್ತುವನ್ನು ಕಾಂತೀಯ ಅನುರಣನಕ್ಕೆ (ಪರಮಾಣುಗಳ ಸ್ಥಾನಕ್ಕೆ ತಕ್ಕಂತೆ ಬೇರೆ ಬೇರೆ ಗೆರೆ ಕೊಡುವ ಪರೀಕ್ಷೆಗೆ) ಒಡ್ಡಿ ಒಂದೇ ಒಂದು ಗೆರೆ ಪಡೆಯಿತು. ಅರವತ್ತೂ ಪರಮಾಣುಗಳ ಸ್ಥಾನ ಒಂದೇ ತೆರನಾದದ್ದು ಎಂಬುದಕ್ಕೆ ಅದಕ್ಕಿಂತ ನೇರವಾದ ಸಾಕ್ಷ್ಯ ಬೇಕಿರಲಿಲ್ಲ. 1996ರ ನೊಬೆಲ್ ಕ್ರೋಟೊ, ಕರ್ಲ್ ಮತ್ತು ಸ್ಮಾಲಿ ಅವರಿಗೆ ಸಂದಿತು. ಅದು ಯೋಗ್ಯವೇ, ಆದರೂ ಗೆರೆಯನ್ನು ವಸ್ತುವನ್ನಾಗಿಸಿದ ಇಬ್ಬರ ಹೆಸರು ಅಷ್ಟೇ ಗೌರವದಿಂದ ಹೇಳಬೇಕಾದದ್ದು.

ವಸ್ತು ಸಿಕ್ಕಿದ ಮೇಲೆ ಕೆಲಸ ಜಗತ್ತಿನಾದ್ಯಂತ ಹಬ್ಬಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಅವರ ತಂಡವೂ 1990ರ ದಶಕದ ಆರಂಭದಲ್ಲೇ ಫುಲ್ಲರೀನ್‌ಗಳ ಅಧ್ಯಯನಕ್ಕೆ ಇಳಿಯಿತು. 1991ರಲ್ಲಿ ಪೊಟ್ಯಾಸಿಯಂ ಸೇರಿಸಿದ ಹರಳುಗಳು 18 ಕೆಲ್ವಿನ್‌ನಲ್ಲಿ (ಸುಮಾರು −255 ಡಿಗ್ರಿ ಸೆಲ್ಸಿಯಸ್) ಅತಿವಾಹಕವಾದವು, ಅಂದರೆ ತಡೆಯಿಲ್ಲದೆ ವಿದ್ಯುತ್ತನ್ನು ಹಾಯಿಸಿದವು. ಸಾವಯವ ಸೌರಕೋಶಗಳಲ್ಲಿ ಫುಲ್ಲರೀನ್ ವರ್ಷಗಟ್ಟಲೆ ಮುಖ್ಯ ಪಾತ್ರ ವಹಿಸಿತು, ಆಮೇಲೆ ಹೆಚ್ಚು ದಕ್ಷವಾದ ಬೇರೆ ಅಣುಗಳು ಅದರ ಜಾಗಕ್ಕೆ ಬಂದವು. ಮೊದಲ ವರ್ಷಗಳ ಭರವಸೆಗೆ ಹೋಲಿಸಿದರೆ ಮಾರುಕಟ್ಟೆಗೆ ಬಂದದ್ದು ಕಡಿಮೆ.

ಖಗೋಳ ವಿಜ್ಞಾನದಲ್ಲಿ ಮಾತ್ರ ಫಲ ನಿಧಾನವಾಗಿ, ಗಟ್ಟಿಯಾಗಿ ಬಂತು. 2010ರಲ್ಲಿ ಸ್ಪಿಟ್ಜರ್ ದೂರದರ್ಶಕ ಟಿಸಿ-1 ಎಂಬ ಗ್ರಹರೂಪಿ ನೀಹಾರಿಕೆಯಲ್ಲಿ, ಅಂದರೆ ಸಾಯುವ ನಕ್ಷತ್ರ ಹೊರಚೆಲ್ಲಿದ ಅನಿಲದ ಮೋಡದಲ್ಲಿ, ಈ ಅಣುವಿನ ಗುರುತುಗಳನ್ನು ಕಂಡಿತು. ನಕ್ಷತ್ರಗಳ ನಡುವಿನ ಅನಿಲ ಬೆಳಕನ್ನು ಹೀರುವುದರಿಂದ ರೋಹಿತದಲ್ಲಿ (ಬಣ್ಣಗಳಾಗಿ ಬಿಡಿಸಿದ ಬೆಳಕಿನಲ್ಲಿ) ಮೂಡುವ ನೂರಾರು ಪಟ್ಟಿಗಳ ಕಾರಣ ಬಹುಕಾಲ ತಿಳಿದಿರಲಿಲ್ಲ. 2015ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ಜಾನ್ ಮೈಯರ್ ಅವರ ತಂಡ ವಿದ್ಯುದಾವೇಶವುಳ್ಳ ಇದೇ ಅರವತ್ತು ಪರಮಾಣುಗಳ ಅಣುವನ್ನು (ಸಿ-60) ಅತಿಶೀತದಲ್ಲಿ ಅಳೆದು, ಅವುಗಳಲ್ಲಿ ಎರಡು ಪಟ್ಟಿಗಳು ಅದರಿಂದಲೇ ಮೂಡುತ್ತವೆಂದು ಖಚಿತಪಡಿಸಿತು. ಉಳಿದ ಬಹುಪಾಲು ಪಟ್ಟಿಗಳಿಗೆ ಯಾವ ಅಣು ಕಾರಣವೆಂಬ ಹುಡುಕಾಟ ಇನ್ನೂ ನಡೆದಿದೆ.