ಸಣ್ಣ ವಿಮಾನದ ರೇಡಿಯೊದಲ್ಲಿ ಗರಗರ: ಮೂಲ ಹಿಡಿಯುವ ಕ್ರಮ

ಮಹಾರಾಷ್ಟ್ರದ ಜುಹು, ಬಾರಾಮತಿ ಹ್ಯಾಂಗರ್‌ಗಳಲ್ಲಿ ವಿಮಾನ ದುರಸ್ತಿ ಕಲಿಯುತ್ತಿರುವ ಕನ್ನಡದ ಗೆಳೆಯ ಗೆಳತಿಯರಿಗೆ ಈ ಟಿಪ್ಪಣಿ. ಪೈಲಟ್ ‘ರೇಡಿಯೊದಲ್ಲಿ ಸದ್ದು’ ಎಂದು ಬರೆದ ಮಾತ್ರಕ್ಕೆ ಸೆಟ್ ಬದಲಿಸಲು ಹೋಗಬೇಡಿ. ಎಷ್ಟೋ ಸಲ ಸೆಟ್ ಸರಿಯಾಗಿಯೇ ಇರುತ್ತದೆ, ಸದ್ದು ಬೇರೆಲ್ಲಿಂದಲೋ ಬಂದಿರುತ್ತದೆ. ವಿಮಾನದ ವಿಎಚ್‌ಎಫ್ ಮಾತುಕತೆ 118ರಿಂದ 137 ಮೆಗಾಹರ್ಟ್ಜ್ ನಡುವೆ ಎಎಂ ಕ್ರಮದಲ್ಲಿ ನಡೆಯುತ್ತದೆ. ಎಎಂ ರಿಸೀವರ್ ಅಲೆಯ ಎತ್ತರದ ಏರಿಳಿತವನ್ನೇ ಧ್ವನಿಯಾಗಿ ಮಾಡುತ್ತದೆ. ಆದ್ದರಿಂದ ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗಿನ ಕಿಡಿಯೂ ಅದಕ್ಕೆ ಮಾತೇ.

ಮೊದಲು ಕಿವಿಗೆ ಕೆಲಸ ಕೊಡಿ. ಎಂಜಿನ್ ನಿಲ್ಲಿಸಿ, ಬ್ಯಾಟರಿಯಿಂದಲೇ ಸೆಟ್ ಚಾಲೂ ಮಾಡಿ, ಸ್ಕ್ವೆಲ್ಚ್ (ಮಾತಿಲ್ಲದಾಗ ಸದ್ದು ತಡೆಯುವ ಬಾಗಿಲು) ತೆರೆದು ಕೇಳಿ. ಆಗಲೂ ಸದ್ದಿದ್ದರೆ ಯುಎಸ್‌ಬಿ ಚಾರ್ಜರ್, ಎಲ್‌ಇಡಿ ದೀಪ, ಸ್ಟ್ರೋಬ್ (ವಿಮಾನದ ಮಿಂಚುದೀಪ) ಒಂದೊಂದನ್ನೇ ತೆಗೆಯುತ್ತಾ ಬನ್ನಿ. ಫೋನ್ ಬಿಚ್ಚಿದರೆ ಸಾಲದು, ಚಾರ್ಜರನ್ನೇ ಕೀಳಬೇಕು. ಒಳಗಿನ ಸ್ವಿಚಿಂಗ್ ಸರ್ಕಿಟ್ ಫೋನ್ ಇಲ್ಲದಿದ್ದರೂ ಓಡುತ್ತಿರುತ್ತದೆ. ಪ್ರತಿ ಮಿಂಚಿಗೂ ಮುನ್ನ ‘ಕುಂಯ್’ ಎಂದು ಏರುವ ಸದ್ದು ಸ್ಟ್ರೋಬಿನದು. ಅದರ ಕೇಬಲ್ಲಿನ ಶೀಲ್ಡ್ (ತಂತಿಯ ಸುತ್ತಲಿನ ಲೋಹದ ಹೊದಿಕೆ) ಪವರ್ ಸಪ್ಲೈ ತುದಿಯಲ್ಲಿ ಮಾತ್ರ ಗ್ರೌಂಡ್ ಆಗಿರಬೇಕು.

ಎಂಜಿನ್ ಓಡುವಾಗ ಮಾತ್ರ ಬರುವ ಸದ್ದಿಗೆ ಮುಖ್ಯವಾಗಿ ಇಬ್ಬರು ಆರೋಪಿಗಳು. ಆರ್‌ಪಿಎಂ ಜೊತೆ ಏರುವ ಸೀಟಿಯಂಥ ಸದ್ದಾದರೆ ಆಲ್ಟರ್ನೇಟರ್ (ಎಂಜಿನ್ನಿನಿಂದ ತಿರುಗುವ ವಿದ್ಯುತ್ ಜನಕ): ಆಲ್ಟರ್ನೇಟರ್ ಸ್ವಿಚ್ ಆರಿಸಿ, ಸೀಟಿ ನಿಂತರೆ ಅಲ್ಲೇ ಹುಡುಕಿ. ಒಂದು ಡಯೋಡ್ ಸತ್ತರೂ ರಿಪಲ್ (ವಿದ್ಯುತ್ತಿನ ಸಣ್ಣ ಏರಿಳಿತ) ಹೆಚ್ಚುತ್ತದೆ. ಚಟಚಟ ಎನ್ನುವುದು ಮ್ಯಾಗ್ನೆಟೊ, ಅಂದರೆ ಪ್ಲಗ್ಗುಗಳಿಗೆ ಕಿಡಿ ಒದಗಿಸುವ ಯಂತ್ರ. ನಾಲ್ಕು ಸಿಲಿಂಡರ್ ಎಂಜಿನ್ 1800 ಆರ್‌ಪಿಎಂನಲ್ಲಿದ್ದಾಗ ಒಂದೊಂದು ಮ್ಯಾಗ್ನೆಟೊ ಸೆಕೆಂಡಿಗೆ 60 ಕಿಡಿ ಹೊಡೆಯುತ್ತದೆ. ಮ್ಯಾಗ್ ಚೆಕ್‌ನಲ್ಲಿ ಒಂದೊಂದೇ ಮ್ಯಾಗ್ನೆಟೊದಲ್ಲಿ ಓಡಿಸಲು ಎಡ, ಬಲ ಬದಲಿಸಿದಾಗ ಯಾವುದನ್ನು ಆರಿಸಿದರೆ ಸದ್ದು ನಿಲ್ಲುತ್ತದೋ ಗಮನಿಸಿ. ಪ್ಲಗ್ ತುದಿಯ ಸಡಿಲ ನಟ್, ಹಳೆಯ ಹಾರ್ನೆಸ್ (ಪ್ಲಗ್ಗುಗಳಿಗೆ ಹೋಗುವ ತಂತಿಗಳ ಕಟ್ಟು), ಪಿ-ಲೀಡಿನ (ಮ್ಯಾಗ್ನೆಟೊ ಆರಿಸುವ ಸ್ವಿಚ್ಚಿನ ತಂತಿಯ) ಹರಿದ ಶೀಲ್ಡ್ ಇವೇ ಸಾಮಾನ್ಯ ಕಾರಣಗಳು. ಒಂದು ಎಚ್ಚರಿಕೆ: ಪಿ-ಲೀಡ್ ಬಿಚ್ಚಿದರೆ ಸ್ವಿಚ್ ಆಫ್ ಇದ್ದರೂ ಮ್ಯಾಗ್ನೆಟೊಗೆ ಜೀವ ಇರುತ್ತದೆ. ಪ್ರೊಪೆಲ್ಲರ್ ಮುಟ್ಟಲೇಬೇಡಿ.

ಇನ್ನು ದಾರಿಯ ಪ್ರಶ್ನೆ: ಸದ್ದು ಆಂಟೆನಾದಿಂದ ಬರುತ್ತಿದೆಯೋ, ತಂತಿಯಲ್ಲಿ ಹರಿದು ಬರುತ್ತಿದೆಯೋ? ಎಂಜಿನ್ ನಿಲ್ಲಿಸಿ ಸೆಟ್ಟಿನ ಹಿಂದಿನ ಕೋಆಕ್ಸ್ (ಆಂಟೆನಾ ಕೇಬಲ್) ಬಿಚ್ಚಿ, ಮತ್ತೆ ಎಂಜಿನ್ ಓಡಿಸಿ ಕೇಳಿ. ಕೋಆಕ್ಸ್ ಇಲ್ಲದಾಗ ಟ್ರಾನ್ಸ್‌ಮಿಟ್ ಗುಂಡಿ ಒತ್ತಬಾರದು. ಸದ್ದು ಹೋದರೆ ಅದು ಗಾಳಿಯ ದಾರಿ: ಶೀಲ್ಡ್, ಆಂಟೆನಾ, ಬಾಂಡಿಂಗ್ (ವಿಮಾನದ ಲೋಹದ ಭಾಗಗಳ ನಡುವಿನ ವಿದ್ಯುತ್ ಜೋಡಣೆ) ನೋಡಿ. ಹಾಗೇ ಉಳಿದರೆ ಪವರ್ ಅಥವಾ ಆಡಿಯೊ ತಂತಿ. ಇಲ್ಲಿ ಬಹಳ ಜನ ಮರೆಯುವ ಸಣ್ಣ ವಸ್ತುವೊಂದಿದೆ, ಹೆಡ್‌ಸೆಟ್ ಜ್ಯಾಕಿನ ಫೈಬರ್ ವಾಷರ್. ಅದಿಲ್ಲದೆ ಜ್ಯಾಕ್ ಪ್ಯಾನೆಲ್ಲಿನ ಲೋಹಕ್ಕೆ ತಾಗಿದರೆ ಆಡಿಯೊಗೆ ಎರಡು ಗ್ರೌಂಡ್ ಆಗುತ್ತದೆ. ಆಲ್ಟರ್ನೇಟರಿನ ಸೀಟಿ ಆ ಸುತ್ತಿನಿಂದ ನೇರ ಕಿವಿಗೆ ಬರುತ್ತದೆ.

ಜುಹುವಿನಂಥ ಕಡಲಂಚಿನಲ್ಲಿ ನಿಂತ ವಿಮಾನಕ್ಕೆ ಉಪ್ಪುಗಾಳಿಯೇ ದೊಡ್ಡ ಶತ್ರು. ಆಂಟೆನಾ ಬುಡದ ಗ್ಯಾಸ್ಕೆಟ್ ಕೆಳಗೆ, ಬಾಂಡಿಂಗ್ ಪಟ್ಟಿಯ ಸ್ಕ್ರೂ ಅಡಿ ಬಿಳಿಪುಡಿ ಕಂಡರೆ ಲೋಹ ಹೊಳೆಯುವ ತನಕ ಸ್ವಚ್ಛಗೊಳಿಸಿ, ಜೋಡಿಸಿದ ಮೇಲೆ ಅಂಚಿಗೆ ಸೀಲಂಟ್ ಹಚ್ಚಿ. ಬಾಂಡಿಂಗ್ ತಡೆ 3 ಮಿಲಿಓಮ್ ಒಳಗಿರಬೇಕು ಎಂಬುದು ಸಾಮಾನ್ಯ ಮಿತಿ, ನಿಮ್ಮ ವಿಮಾನದ ಮ್ಯಾನುಯಲ್ ಬೇರೆ ಹೇಳಿದರೆ ಅದೇ ಅಂತಿಮ. ಮಾಮೂಲಿ ಮಲ್ಟಿಮೀಟರ್ ಇದಕ್ಕೆ ಸಾಲದು. ಅದರ ವೈರುಗಳ ತಡೆಯೇ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಬಾಂಡಿಂಗ್ ಮೀಟರೇ ಬೇಕು.

ನೆಲದ ಮೇಲೆ ಸದ್ದಿಲ್ಲ, ಮಳೆಗಾಲದ ಮೋಡದೊಳಗೆ ಹೋದಾಗ ಮಾತ್ರ ಸರಸರ ಎನ್ನುತ್ತದೆಂದರೆ ಅದು ಹನಿಗಳು ಉಜ್ಜಿ ಕೂಡಿಸಿದ ಸ್ಥಿರ ವಿದ್ಯುತ್. ಏಲರಾನ್, ಫ್ಲಾಪ್ (ರೆಕ್ಕೆಯ ಹಿಂಬದಿಯ ಆಡುವ ಹಲಗೆಗಳು) ಹಿಂಜಿನ ಬಾಂಡಿಂಗ್ ಪಟ್ಟಿಗಳನ್ನೂ ಸ್ಥಿರ ವಿದ್ಯುತ್ತನ್ನು ಗಾಳಿಗೆ ಬಿಡುವ ಸ್ಟ್ಯಾಟಿಕ್ ವಿಕ್‌ಗಳನ್ನೂ ಪರೀಕ್ಷಿಸಿ.

ಕೆಲವೊಮ್ಮೆ ರೇಡಿಯೊವೇ ಬೇರೆಯದಕ್ಕೆ ಕಾಟ ಕೊಡುತ್ತದೆ. ಜಿಪಿಎಸ್‌ನ ಅಲೆ 1575.42 ಮೆಗಾಹರ್ಟ್ಜ್. 121.150ರ 13ನೇ ಹಾರ್ಮೋನಿಕ್ (13 ಪಟ್ಟು ಆವರ್ತನದ ಅಲೆ) 1574.95, 131.250ರ 12ನೆಯದು 1575. ಇಂಥ ಚಾನೆಲ್‌ಗಳಲ್ಲಿ ಮಾತಾಡಿದಾಗ ಜಿಪಿಎಸ್ ಕಣ್ಣು ಮುಚ್ಚಿದರೆ, ಕೋಆಕ್ಸಿನ ಬಿಎನ್‌ಸಿ ಜೋಡಣೆಗಳನ್ನೂ ಎರಡು ಆಂಟೆನಾಗಳ ನಡುವಿನ ಅಂತರವನ್ನೂ ನೋಡಿ. ಪರೀಕ್ಷೆಯ ನೆಪದಲ್ಲಿ ಆಪತ್ಕಾಲದ 121.5ರಲ್ಲಿ ಮಾತ್ರ ಗುಂಡಿ ಒತ್ತಬೇಡಿ.